ಸಮಸ್ಯಾಮೂಲಕ ವ್ಯಾಸಂಗದಲ್ಲಿ ಪರೀಕ್ಷಾವಿಚಾರ

ಪರೀಕ್ಷೆಯೆಂದರೆ ಗುರುವು ಪ್ರಶ್ನಿಸುವುದು, ಶಿಷ್ಯನು ಉತ್ತರಿಸುವುದು ಎಂಬುದು ಲೋಕರೂಢಿಯಾದ ಅಭಿಪ್ರಾಯ. ಎಂಜಿನಿಯರಿಂಗ್ ಶಿಕ್ಷಣದಲ್ಲಿ ಸಮಸ್ಯೆಯನ್ನೇ ಮುಂದಿಟ್ಟುಕೊಂಡು ಕಲಿಯುವ ಕ್ರಮವು ಬಳಕೆಗೆ ಬಂದಮೇಲೆ ಈ ಅಭಿಪ್ರಾಯವನ್ನು ಪುನಃ ವಿಮರ್ಶಿಸುವುದು ಅವಶ್ಯಕವಾಗಿದೆ.

ಡೆನ್ಮಾರ್ಕ್ ದೇಶದ ಆಲ್ಬೋರ್ಗ್ ವಿಶ್ವವಿದ್ಯಾನಿಲಯವು 1974ರಲ್ಲಿ ಸ್ಥಾಪಿತವಾದಂದಿನಿಂದಲೂ ಈ ಕ್ರಮವನ್ನು ಅನುಸರಿಸುತ್ತ ಬಂದಿದೆ. ಅಲ್ಲಿ ವಿದ್ಯಾರ್ಥಿಗಳು ಗುಂಪುಗೂಡಿ, ಒಂದು ಸಮಸ್ಯೆಯನ್ನು ತಾವೇ ನಿರೂಪಿಸಿಕೊಂಡು, ಶೋಧನೆ ನಡೆಸಿ, ಅದರ ಫಲವನ್ನು ಪ್ರಬಂಧರೂಪದಲ್ಲಿ ಒಪ್ಪಿಸುತ್ತಾರೆ; ಬಳಿಕ ಪರೀಕ್ಷಕರ ಎದುರಿನಲ್ಲಿ ಅದನ್ನು ಸಮರ್ಥಿಸುತ್ತಾರೆ. ಪ್ರಥಮ ವರ್ಷದವರು ತಾವು ಕೂಡಿ ದುಡಿದ ರೀತಿಯನ್ನೂ ಅದರಲ್ಲಿ ಕಂಡುಬಂದ ಗುಣದೋಷಗಳನ್ನೂ ವಿವೇಚಿಸಿ ಬರೆಯತಕ್ಕದ್ದು. ಹೀಗೆ ಪರೀಕ್ಷಕನು ನೋಡುವುದಕ್ಕೆ ಮೊದಲೇ ವಿದ್ಯಾರ್ಥಿಯು ತನ್ನ ಕಾರ್ಯಕ್ಕೆ ತಾನೇ ಪರೀಕ್ಷಕನಾಗುತ್ತಾನೆ.

ಇಲ್ಲಿ ಪೂರ್ವಪಕ್ಷವೊಂದುಂಟು. ಗುಂಪನ್ನು ಒಟ್ಟಿಗೆ ಪರೀಕ್ಷಿಸಿದರೆ ಒಬ್ಬನ ಶ್ರಮದ ಫಲವನ್ನು ಮತ್ತೊಬ್ಬನು ಅನುಭವಿಸುವುದಿಲ್ಲವೆ? ಈ ಶಂಕೆ ಅಲ್ಪವಾದುದಲ್ಲ. ಡೆನ್ಮಾರ್ಕಿನ ಸರ್ಕಾರವೇ 2006ರಲ್ಲಿ ಗುಂಪುಪರೀಕ್ಷೆಯನ್ನು ನಿಷೇಧಿಸಿತು. ಅದರಿಂದ ಕಲಿಕೆ ಕೂಡಿ, ಪರೀಕ್ಷೆ ಬಿಡಿಬಿಡಿಯಾಗಿ ಎಂಬ ಅಸಾಂಗತ್ಯವು ತಲೆದೋರಿತು. 2013ರಲ್ಲಿ ಹಿಂದಿನ ಪದ್ಧತಿಯು ಮರಳಿ ಆಚರಣೆಗೆ ಬಂದಿತು. ಪರೀಕ್ಷೆ ಗುಂಪಿನದಾದರೂ ಅಂಕವು ಒಬ್ಬೊಬ್ಬನಿಗೂ ಪ್ರತ್ಯೇಕವೆಂಬುದೇ ಶಂಕೆಗೆ ಸಮಾಧಾನ.

ಎರಡನೆಯ ಶಂಕೆ: ಇನ್ನೂ ಕಲಿಯುತ್ತಿರುವವನ ತೀರ್ಪು ಪ್ರಮಾಣವಾದೀತೆ? ಸಹಪಾಠಿಗಳು ಕೊಟ್ಟ ಅಂಕಗಳನ್ನು ಅಧ್ಯಾಪಕರ ಅಂಕಗಳೊಡನೆ ಹೋಲಿಸಿದ 48 ಅಧ್ಯಯನಗಳನ್ನು ಫಾಲ್ಚಿಕೋವ್ ಮತ್ತು ಗೋಲ್ಡ್‌ಫಿಂಚ್ ಎಂಬವರು 2000ದಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದರು. ಬಿಡಿ ಅಂಶಗಳಿಗೆ ಬೇರೆಬೇರೆ ಅಂಕವಿಡುವುದಕ್ಕಿಂತ, ಚೆನ್ನಾಗಿ ಮನಗಂಡ ಲಕ್ಷಣಗಳನ್ನಾಧರಿಸಿ ಸಮಗ್ರವಾಗಿ ತೂಗಿದಾಗ ಎರಡು ತೀರ್ಪುಗಳೂ ಹೆಚ್ಚು ಹೊಂದುತ್ತವೆಂದು ಅವರಿಗೆ ಕಂಡುಬಂದಿತು. ಆದುದರಿಂದ ಲಕ್ಷಣಜ್ಞಾನವನ್ನು ಕೊಡದೆ ಲೇಖನಿಯನ್ನು ಮಾತ್ರ ಕೈಗೆ ಕೊಟ್ಟರೆ ಪ್ರಯೋಜನವಿಲ್ಲ. ಉತ್ತಮ ಕೃತಿ ಹೇಗಿರುತ್ತದೆಂಬ ಅರಿವು ಗುರುವಿಗಿರುವಂತೆ ಶಿಷ್ಯನಿಗೂ ಬರಬೇಕೆಂದು ಸ್ಯಾಡ್ಲರ್ ಎಂಬ ವಿದ್ವಾಂಸನು 1989ರಲ್ಲಿಯೇ ಪ್ರತಿಪಾದಿಸಿದ್ದನು.

ಅಂತಿಮ ನಿರ್ಣಯದ ಹೊಣೆಯು ಗುರುವಿನಲ್ಲಿಯೇ ಇರಲಿ. ವಿದ್ಯಾರ್ಥಿಗೆ ಸಲ್ಲಬೇಕಾದುದು ಅಂಕದ ಅಧಿಕಾರಕ್ಕಿಂತ ಹೆಚ್ಚಾಗಿ ವಿವೇಚನೆಯ ಅಭ್ಯಾಸ. ನಾಳೆ ಸೇತುವೆಯನ್ನು ಕಟ್ಟುವವನ ಪಕ್ಕದಲ್ಲಿ ಗುರುವು ನಿಂತಿರುವುದಿಲ್ಲ. ತನ್ನ ಗಣಿತದ ದೋಷವನ್ನು ಅವನು ತಾನೇ ಕಾಣದಿದ್ದರೆ ಅದರ ದಂಡವನ್ನು ತೆರುವವರು ಸೇತುವೆಯ ಮೇಲೆ ನಡೆಯುವ ಜನರು. ಕಾವ್ಯವನ್ನು ಪಾಠಹೇಳುವವರಿಗೂ ಈ ನ್ಯಾಯವು ಅನ್ವಯಿಸುತ್ತದೆ: ಶಿಷ್ಯನ ಬರಹವನ್ನು ತಿದ್ದುವುದು ಅರ್ಧ ಕೆಲಸ, ತಿದ್ದುವ ದೃಷ್ಟಿಯನ್ನು ಅವನಿಗೆ ಕೊಡುವುದೇ ಉಳಿದರ್ಧ.