ಆಗುಂಬೆ ಘಾಟಿ: ಕಾಳಿಂಗನ ಸೀಮೆಯಲ್ಲಿ ರಸ್ತೆ ಕೆಲಸ

ಆಗುಂಬೆ ಎಂದರೆ ಮೊದಲು ನೆನಪಾಗುವುದು ಮಳೆ, ಆಮೇಲೆ ಸೂರ್ಯಾಸ್ತ, ಎಂಬತ್ತರ ದಶಕದಲ್ಲಿ ಟಿ.ವಿ. ನೋಡಿದವರಿಗೆ ಶಂಕರ್‌ನಾಗ್ ಇಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಅಂಚಿನಲ್ಲಿ, ಮಲೆನಾಡು ಮುಗಿದು ಕರಾವಳಿ ಕಣ್ಣಿಗೆ ಬೀಳುವ ಕಡೆ ಈ ಊರಿದೆ. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರ, ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರುವ ಮಳೆ. ಊರು ದಾಟುತ್ತಿದ್ದಂತೆ ನೆಲ ಕಡಿದಂತೆ ಇಳಿಯುತ್ತದೆ. ತೀರ್ಥಹಳ್ಳಿಯಿಂದ ಬಂದ ರಸ್ತೆ ಅಲ್ಲಿಂದ 14 ಹಿಮ್ಮುರಿ ತಿರುವುಗಳಲ್ಲಿ ಸುತ್ತಿ ಸುತ್ತಿ ಸೋಮೇಶ್ವರಕ್ಕೆ ಇಳಿದು, ಸೀತಾನದಿ, ಹೆಬ್ರಿ, ಮಣಿಪಾಲ, ಉಡುಪಿಯ ಮೇಲೆ ಮಲ್ಪೆಯ ಕಡಲು ಮುಟ್ಟುತ್ತದೆ. ಇದು ರಾಷ್ಟ್ರೀಯ ಹೆದ್ದಾರಿ 169ಎ. ಘಾಟಿಯ ಕೆಳಗಿನ ಕಾಡು 1974ರಲ್ಲಿ ಘೋಷಣೆಯಾದ ಸೋಮೇಶ್ವರ ವನ್ಯಜೀವಿಧಾಮಕ್ಕೆ ಸೇರಿದ್ದು, ಮೇಲಿನದು ಆಗುಂಬೆಯ ಮೀಸಲು ಅರಣ್ಯ. ಒಂದೇ ಕಾಡನ್ನು ಸೀಳಿಕೊಂಡು ರಸ್ತೆ ಹೋಗಿದೆಯೇ ಹೊರತು ಎರಡು ಕಾಡುಗಳ ನಡುವಿನ ಗಡಿಯಲ್ಲಿ ಹೋಗಿಲ್ಲ. ಇಲ್ಲಿ ಧರೆ ಕುಸಿಯದ ಮಳೆಗಾಲ ಅಪರೂಪ, ದುರಸ್ತಿ ಇಲ್ಲದ ಬೇಸಿಗೆಯೂ ಅಷ್ಟೇ ಅಪರೂಪ. ಅಗಲೀಕರಣದ ಮಾತು, ಸುರಂಗದ ಪ್ರಸ್ತಾವ ಹಲವು ವರ್ಷಗಳಿಂದ ಕೇಳಿಬರುತ್ತಿವೆ.

ಇದೇ ಕಾಡು ಕಾಳಿಂಗ ಸರ್ಪದ ಮನೆ. ಉರಗತಜ್ಞ ರೊಮ್ಯುಲಸ್ ವಿಟೇಕರ್ ಇಲ್ಲಿ ಕಾಳಿಂಗವನ್ನು ಕಂಡದ್ದು 1971ರಲ್ಲಿ. ಆ ನಂಟಿನಿಂದಲೇ 2005ರಲ್ಲಿ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರ ಹುಟ್ಟಿತು. 2008ರಿಂದ ಈ ಕೇಂದ್ರದವರು ಕಾಳಿಂಗಗಳ ದೇಹದೊಳಗೆ ಪುಟ್ಟ ರೇಡಿಯೊ ಸಾಧನ ಇಟ್ಟು, ಅವು ದಿನಕ್ಕೆಷ್ಟು ದೂರ ಹರಿಯುತ್ತವೆ, ಎಲ್ಲಿ ಮಲಗುತ್ತವೆ, ಏನು ತಿನ್ನುತ್ತವೆ ಎಂದು ಹಿಂಬಾಲಿಸಿದರು. ಅಷ್ಟು ದೊಡ್ಡ ಹಾವು ಗದ್ದೆ, ತೋಟ, ಸೊಪ್ಪಿನಬೆಟ್ಟ, ಹಳ್ಳ, ರಸ್ತೆ ಎಂದು ಭೇದ ಮಾಡದೆ ಎಲ್ಲವನ್ನೂ ಹಾದು ಬದುಕುತ್ತದೆ ಎಂಬುದು ಆಗ ದಾಖಲಾಯಿತು. ಕಾಳಿಂಗದ ಆಹಾರ ಹೆಚ್ಚಾಗಿ ಬೇರೆ ಹಾವುಗಳೇ: ಕೇರೆ, ನಾಗರ, ಮರದ ಮೇಲಿನ ಗುಳಿಮಂಡಲ. ಹಾಗಾಗಿ ರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕ ಒಂದು ಕೇರೆ ಕಾಳಿಂಗದ ಲೆಕ್ಕಕ್ಕೂ ಬರುತ್ತದೆ. 2024ರಲ್ಲಿ ಇನ್ನೊಂದು ಬದಲಾವಣೆಯಾಯಿತು. ಏಷ್ಯಾದುದ್ದಕ್ಕೂ ಒಂದೇ ಎಂದುಕೊಂಡಿದ್ದ ಕಾಳಿಂಗ ನಿಜಕ್ಕೂ ನಾಲ್ಕು ಪ್ರಭೇದ ಎಂದು ಪಿ. ಗೌರಿಶಂಕರ್ ಮತ್ತು ಸಂಗಡಿಗರು ತೋರಿಸಿದರು. ಪಶ್ಚಿಮಘಟ್ಟದ್ದಕ್ಕೆ ಓಫಿಯೊಫೇಗಸ್ ಕಾಳಿಂಗ ಎಂದು ಕನ್ನಡದ ಹೆಸರನ್ನೇ ಇಟ್ಟರು. ಹೆಸರಿಗಿಂತ ಮುಖ್ಯವಾದದ್ದು ವ್ಯಾಪ್ತಿ. ಅಳಿವಿನ ಅಪಾಯದ ಪಟ್ಟಿಯಲ್ಲಿ ಕಾಳಿಂಗಕ್ಕೆ ಸ್ಥಾನ ಕೊಟ್ಟದ್ದು ಫಿಲಿಪ್ಪೀನ್ಸ್‌ವರೆಗಿನ ನೆಲವನ್ನೆಲ್ಲ ಲೆಕ್ಕಕ್ಕೆ ಹಿಡಿದು. ಈಗ ನಮ್ಮ ಕಾಳಿಂಗಕ್ಕೆ ಉಳಿದಿರುವುದು ಘಟ್ಟದ ಈ ಕಿರಿದಾದ ಪಟ್ಟಿ ಮಾತ್ರ. ಇಲ್ಲಿ ಕಳೆದುಕೊಂಡರೆ ಬೇರೆಡೆಯಿಂದ ತುಂಬಿಕೊಳ್ಳುವ ಮಾತೇ ಇಲ್ಲ.

ರಸ್ತೆ ಕೆಲಸದ ನಡುವೆ ಹಾವು ಕಂಡರೆ ನಮ್ಮಲ್ಲಿ ರೂಢಿಯಾಗಿರುವ ಉಪಾಯ ಒಂದೇ: ಹಾವು ಹಿಡಿಯುವವರಿಗೆ ಫೋನ್ ಮಾಡುವುದು, ಅವರು ಬಂದು ಚೀಲಕ್ಕೆ ಹಾಕಿಕೊಂಡು ದೂರದ ಕಾಡಿಗೆ ಬಿಡುವುದು. ಕೊಲ್ಲುವುದಕ್ಕಿಂತ ಇದು ಎಷ್ಟೋ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದನ್ನೇ ‘ಸಂರಕ್ಷಣೆ’ ಎಂದು ಕಡತದಲ್ಲಿ ಬರೆದುಕೊಂಡು ಕೈತೊಳೆದುಕೊಂಡರೆ ತಪ್ಪಾಗುತ್ತದೆ. ಹಾಗೆ ಬೇರೆಡೆಗೆ ಸಾಗಿಸಿದ ಕಾಳಿಂಗದ ಜಾಡನ್ನು ಆಗುಂಬೆಯ ಸಂಶೋಧಕರು ಹಿಡಿದು, 2013ರಲ್ಲಿ ಪ್ರಕಟಿಸಿದ್ದಾರೆ. ತನ್ನ ಸೀಮೆಯಲ್ಲೇ ಉಳಿದ ಹಾವಿಗಿಂತ ಅದು ಬಹಳ ಹೆಚ್ಚು ಅಲೆಯಿತು. ತಾವು ಗಮನಿಸಿದ ಹಾವುಗಳ ಸಂಖ್ಯೆ ಚಿಕ್ಕದು, ಇದು ಪ್ರಾಥಮಿಕ ಅಧ್ಯಯನ ಎಂದು ಅವರೇ ಹೇಳಿದ್ದಾರೆ. ಹಾಗಿದ್ದರೂ ತರ್ಕ ಸರಳ. ನೀರು, ಬಿಲ, ಬೇಟೆ ಎಲ್ಲಿವೆ ಎಂದು ಗೊತ್ತಿರುವ ಪ್ರಾಣಿಯನ್ನು ಗೊತ್ತಿಲ್ಲದ ನೆಲಕ್ಕೆ ಬಿಟ್ಟರೆ ಅದು ಅಲೆಯುತ್ತದೆ. ಅಲೆದಷ್ಟೂ ರಸ್ತೆ ದಾಟುತ್ತದೆ, ಅಂಗಳಕ್ಕೆ ಬರುತ್ತದೆ, ಮತ್ತೆ ಯಾರೋ ಫೋನ್ ಮಾಡುತ್ತಾರೆ. ಆದ್ದರಿಂದ ಘಾಟಿಯಲ್ಲಿ ಹಾವು ಉಳಿಯಬೇಕಾದರೆ ಕೆಲಸ ಶುರುವಾದ ಮೇಲಿನ ಹಿಡಿದುಬಿಡುವಿಕೆಯನ್ನು ನೆಚ್ಚಿ ಕೂರುವಂತಿಲ್ಲ. ಕೆಲಸ ಯಾವ ತಿಂಗಳಲ್ಲಿ, ಚರಂಡಿ ಯಾವ ಆಕಾರದಲ್ಲಿ, ಅಗೆದ ಮಣ್ಣು ಎಲ್ಲಿಗೆ ಎಂಬ ಮೂರು ಪ್ರಶ್ನೆಗಳಿಗೆ ಟೆಂಡರ್ ಕರೆಯುವ ಮುಂಚೆಯೇ ಉತ್ತರ ಬರೆದಿರಬೇಕು.

ತಿಂಗಳಿನ ಪ್ರಶ್ನೆ ಎಲ್ಲಕ್ಕಿಂತ ತೊಡಕಿನದು. ಹಾವುಗಳಲ್ಲಿ ಗೂಡು ಕಟ್ಟುವುದು ಕಾಳಿಂಗವೊಂದೇ. ವರ್ಷದ ಮೊದಲ ತಿಂಗಳುಗಳಲ್ಲಿ ಗಂಡುಗಳು ಹೆಣ್ಣಿಗಾಗಿ ಸೆಣಸುತ್ತವೆ. ಬೇಸಿಗೆ ಏರುವ ಹೊತ್ತಿಗೆ ಹೆಣ್ಣು ತನ್ನ ದೇಹದ ಸುರುಳಿಯಿಂದಲೇ ತರಗೆಲೆ ಎಳೆದು ಗುಡ್ಡೆ ಹಾಕುತ್ತದೆ, ಅದರ ಹೊಟ್ಟೆಯಲ್ಲಿ ಮೊಟ್ಟೆಯಿಟ್ಟು ಮೇಲೆ ಕಾವಲು ಮಲಗುತ್ತದೆ. ಬಿದಿರುಮೆಳೆಯ ಬುಡ, ಇಳಿಜಾರಿನ ನೆರಳು, ತೋಟದ ಅಂಚು ಅದಕ್ಕೆ ಇಷ್ಟದ ಜಾಗ. ಮರಿಗಳು ಮೊಟ್ಟೆಯೊಡೆದು ಬರುವುದು ಮಳೆ ಚೆನ್ನಾಗಿ ಹಿಡಿದ ಮೇಲೆ. ಇತ್ತ ರಸ್ತೆಯವರ ಪಂಚಾಂಗವನ್ನೂ ನೋಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಘಾಟಿಯಲ್ಲಿ ಹಾರೆ ಹಾಕುವಂತಿಲ್ಲ. ಹಣ ಬಿಡುಗಡೆಯಾಗಿ, ಯಂತ್ರ ಬಂದು, ಕೆಲಸ ಭರದಿಂದ ಸಾಗುವುದು ಮಾರ್ಚ್‌ನಿಂದ ಮೇವರೆಗೆ. ಎರಡೂ ಕಡೆಯ ತುರ್ತಿನ ತಿಂಗಳು ಒಂದೇ. ಹಾಗಾಗಿ ‘ಸಂತಾನದ ಕಾಲದಲ್ಲಿ ಕೆಲಸ ಬೇಡ’ ಎಂದು ಒಂದು ಸಾಲಿನ ಷರತ್ತು ಹಾಕಿದರೆ ಅದು ಮುರಿಯುವುದಕ್ಕೆಂದೇ ಹಾಕಿದ ಷರತ್ತಾಗುತ್ತದೆ. ಮಾಡಬಹುದಾದದ್ದು ಕೆಲಸವನ್ನು ಒಡೆಯುವುದು. ಪೊದೆ ಕಡಿಯುವುದು, ಧರೆ ಅಗೆಯುವುದು, ಹೊಸ ನೆಲಕ್ಕೆ ಜೆಸಿಬಿ ಇಳಿಸುವುದು ನವೆಂಬರ್‌ನಿಂದ ಫೆಬ್ರುವರಿಯೊಳಗೆ ಮುಗಿಯಲಿ. ಮಾರ್ಚ್ ನಂತರ ಆಗಲೇ ತೆರೆದ ಜಾಗದಲ್ಲಿ ಮಾತ್ರ ಕೆಲಸ: ಜಲ್ಲಿ, ಡಾಂಬರು, ತಡೆಗೋಡೆ. ಅಗೆಯುವ ಮುಂಚೆ ಹಾವು ಬಲ್ಲ ಒಬ್ಬರು ಆ ಇಳಿಜಾರನ್ನು ನಡೆದು ನೋಡಲಿ, ಗೂಡು ಕಂಡರೆ ಮರಿ ಹೊರಡುವವರೆಗೆ ಅಷ್ಟು ಜಾಗ ಬಿಟ್ಟು ಮುಂದೆ ಹೋಗಲಿ. ಆಗುಂಬೆಯ ಸುತ್ತಿನ ರೈತರು ತೋಟದಲ್ಲಿ ಗೂಡು ಕಂಡಾಗ ಅರಣ್ಯ ಇಲಾಖೆಗೆ, ಸಂಶೋಧಕರಿಗೆ ತಿಳಿಸಿ, ಮರಿಯಾಗುವವರೆಗೆ ಆ ಕಡೆ ಸುಳಿಯದೆ ಇದ್ದ ಉದಾಹರಣೆಗಳಿವೆ. ಮನೆಯ ಹಿತ್ತಿಲಲ್ಲಿ ಸಾಧ್ಯವಾದದ್ದು ಹೆದ್ದಾರಿಯ ಅಂಚಿನಲ್ಲಿ ಅಸಾಧ್ಯವೇನಲ್ಲ.

ಇನ್ನು ಆಕಾರ. ರಸ್ತೆಯ ಹಾನಿ ಎಂದರೆ ಡಾಂಬರಿನ ಮೇಲೆ ಅಪ್ಪಚ್ಚಿಯಾದ ಹಾವು ಎಂದೇ ನಾವು ತಿಳಿಯುತ್ತೇವೆ, ಏಕೆಂದರೆ ಕಣ್ಣಿಗೆ ಬೀಳುವುದು ಅದೊಂದೇ. ಘಾಟಿಯಲ್ಲಿ ಅಷ್ಟೇ ಕೆಟ್ಟದ್ದು ಪಕ್ಕದ ಕಾಂಕ್ರೀಟ್ ಚರಂಡಿ. ಎರಡೂ ಬದಿ ನೆಟ್ಟಗೆ ನಿಂತ, ನುಣ್ಣಗೆ ಗಿಲಾವು ಮಾಡಿದ ಚರಂಡಿಗೆ ಬಿದ್ದ ಸಣ್ಣ ಹಾವು, ಕಪ್ಪೆ ಮೇಲೆ ಹತ್ತಲಾರವು. ಮುಂದಿನ ಅಬ್ಬರದ ಮಳೆ ಅವನ್ನು ಕೊಚ್ಚಿಕೊಂಡು ಹೋಗುತ್ತದೆ. ಮಣ್ಣೊಳಗೇ ಬದುಕುವ, ಪಶ್ಚಿಮಘಟ್ಟ ಬಿಟ್ಟರೆ ಹೆಚ್ಚೇನೂ ಕಾಣದ ಮೊಂಡುಬಾಲದ ಪುಟ್ಟ ಹಾವುಗಳಿಗೆ ಇದು ನೇರ ಗಂಡಾಂತರ. ಮಳೆಗೆ ಮಣ್ಣು ನೆನೆದಾಗಲೇ ಅವು ಮೇಲೆ ಬರುವುದು. ಚರಂಡಿಯ ಕಾಡಿನ ಕಡೆಯ ಬದಿಯನ್ನು ಇಳಿಜಾರಾಗಿಸಿ ಮೇಲ್ಮೈಯನ್ನು ಒರಟು ಬಿಟ್ಟರೆ ಸಾಕು, ಅವು ಹತ್ತಿ ಹೋಗುತ್ತವೆ. ಮೋರಿಯದೂ ಇದೇ ಕತೆ. ದುಂಡು ಕೊಳವೆ ಹಾಕಿ, ಹೊರಬಾಯಿಯನ್ನು ನೆಲದಿಂದ ಎರಡಡಿ ಮೇಲೆ ನೇತುಬಿಟ್ಟರೆ ಅದು ನೀರಿಗೆ ಮಾತ್ರ ದಾರಿ. ಚೌಕದ ಮೋರಿ ಕಟ್ಟಿ, ಒಳಗೆ ಒಂದು ಬದಿಗೆ ಹರಿವಿಗಿಂತ ಎತ್ತರದ ಒಣ ಕಟ್ಟೆ ಬಿಟ್ಟರೆ ಜೀವಿಗೂ ದಾರಿ. ತಡೆಗೋಡೆ ಸಿಮೆಂಟಿನದಾದರೆ ಸಂದು ಮುಚ್ಚಿಹೋಗುತ್ತದೆ. ಇಳಿಜಾರು ಒಪ್ಪುವ ಕಡೆ ಹಳೇ ಕಾಲದ ಒಣಕಲ್ಲಿನ ಗೋಡೆಯಾದರೆ ಸಂದುಗಳೇ ಆಸರೆ. ಧರೆ ಜಾರದಂತೆ ಹೊದಿಸುವ ಜಾಲರಿಯ ವಿಷಯದಲ್ಲಂತೂ ಚರ್ಚೆಯೇ ಬೇಡ. ಪ್ಲಾಸ್ಟಿಕ್ ಜಾಲರಿಯ ಕಣ್ಣಿಗೆ ತಲೆ ತೂರಿಸಿದ ಹಾವು ಹುರುಪೆಯ ಅಡ್ಡಿಯಿಂದ ಹಿಂದೆ ಸರಿಯಲಾಗದೆ ಸಾಯುವುದು ಅಮೆರಿಕದ ರಸ್ತೆಬದಿಗಳಲ್ಲಿ ಚೆನ್ನಾಗಿ ದಾಖಲಾಗಿದೆ. ತೆಂಗಿನ ನಾರಿನ ಭೂವಸ್ತ್ರ ನಮ್ಮಲ್ಲೇ ತಯಾರಾಗುತ್ತದೆ, ಎಳೆಗಳು ಸಡಿಲ, ಹುಲ್ಲು ಹಿಡಿಯುವ ಹೊತ್ತಿಗೆ ತಾನೇ ಕೊಳೆಯುತ್ತದೆ. ತೆಂಗಿನ ನಾಡಿನಲ್ಲಿ ನಿಂತು ಪ್ಲಾಸ್ಟಿಕ್ ಹೊದಿಸುವುದು ಹೇಗೆ ನೋಡಿದರೂ ಅರ್ಥವಾಗದ ವ್ಯವಹಾರ.

ವರ್ಷಕ್ಕೆ ನಾಲ್ಕಾರು ಹಾವು ಸತ್ತರೆ ಅಷ್ಟು ದೊಡ್ಡ ಕಾಡಿಗೆ ಏನು ನಷ್ಟ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಉತ್ತರ ಲೆಕ್ಕದಲ್ಲಿದೆ. ಕೆನಡಾದ ಒಂಟಾರಿಯೊದಲ್ಲಿ ನಮ್ಮ ಕೇರೆಯನ್ನು ಹೋಲುವ ಕಪ್ಪು ಹಾವಿನ ಒಂದು ನೆಲೆಯನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ವರದಿ ಇದು: ವಾಹನಗಳು ವಿರಳವಾಗಿದ್ದ ಆ ರಸ್ತೆಗಳಲ್ಲಿ ವರ್ಷಕ್ಕೆ ಸಾಯುತ್ತಿದ್ದದ್ದು ಸುಮಾರು ಒಂಬತ್ತು ಹಾವು. ಆದರೆ 500 ವರ್ಷಗಳಲ್ಲಿ ಆ ಸಂತತಿ ಅಳಿಯುವ ಸಾಧ್ಯತೆಯನ್ನು ಶೇ 7.3ರಿಂದ ಶೇ 99ಕ್ಕೆ ಏರಿಸಲು ಅಷ್ಟೇ ಸಾಕಾಗಿತ್ತು. ನಿಧಾನ ಬೆಳೆದು, ತಡವಾಗಿ ಮೊಟ್ಟೆಯಿಡುವ ಜೀವಿಗಳಲ್ಲಿ ಬಲಿತ ಹೆಣ್ಣುಗಳ ಸಾವನ್ನು ಮರಿಗಳು ತುಂಬಿಕೊಡಲಾರವು. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹಾವುಗಳ ನಡವಳಿಕೆಯನ್ನೇ ಹತ್ತಿರದಿಂದ ನೋಡಿತು. ಸಣ್ಣ ಜಾತಿಗಳು ರಸ್ತೆಯ ಅಂಚಿಗೆ ಬಂದು ತಿರುಗಿಹೋದವು. ವಿಷದ ಹಾವುಗಳು ನಿಧಾನವಾಗಿ ದಾಟಿದವು. ವಾಹನ ಹಾದಾಗ ಹಲವು ಜಾತಿಯವು ಓಡುವ ಬದಲು ಇದ್ದಲ್ಲೇ ಮರಗಟ್ಟಿದವು. ಅಂದರೆ ತಿರುಗಿಹೋದ ಹಾವಿಗೂ ಕಾಡು ಅರ್ಧಕ್ಕೆ ಕತ್ತರಿಸಿಹೋಯಿತು, ಆ ನಷ್ಟ ಯಾವ ಡಾಂಬರಿನ ಮೇಲೂ ಕಾಣುವುದಿಲ್ಲ.

ಆಕ್ಷೇಪಗಳಲ್ಲಿ ತೂಕದ್ದು ಆಸ್ಪತ್ರೆಯದು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯವರು ಜೀವಕ್ಕೆ ಬಂದಾಗ ಓಡುವುದು ಮಣಿಪಾಲಕ್ಕೆ. ಘಾಟಿ ಮುಚ್ಚಿದರೆ ಸುತ್ತುದಾರಿ ಹಿಡಿದ ಆಂಬುಲೆನ್ಸ್‌ನಲ್ಲಿ ನಿಮಿಷಗಳು ಜಾರುತ್ತವೆ. ಹಾವಿಗಾಗಿ ರಸ್ತೆ ಬೇಡ ಎನ್ನುವವರಿಗೆ ಈ ಮಾತಿಗೆ ಉತ್ತರವಿಲ್ಲ, ಇರಲೂಬಾರದು. ಆದರೆ ಮೇಲೆ ಹೇಳಿದ ಯಾವುದೂ ರಸ್ತೆಯನ್ನು ತಡೆಯುವಂಥದ್ದಲ್ಲ. ನೀರು ಸರಾಗ ಹರಿಯುವ ದೊಡ್ಡ ಮೋರಿ, ಬೇರುಬಿಟ್ಟ ಇಳಿಜಾರು ಘಾಟಿಯನ್ನೂ ಕುಸಿಯದಂತೆ ಕಾಯುತ್ತವೆ. ಎರಡನೆಯ ಆಕ್ಷೇಪ ಹಾವು ಕಡಿತದ್ದು. ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತಿದ್ದಾರೆ ಎಂಬ ಅಂದಾಜಿದೆ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಇಂಥ ನಾಡಿನಲ್ಲಿ ಹಾವಿನ ಪರ ಮಾತಾಡುವುದು ಪೇಟೆಯವರ ಶೋಕಿ ಎನ್ನಿಸಬಹುದು. ಆದರೆ ಆ ಸಾವುಗಳ ಬಹುಪಾಲು ನಾಗರ, ಕಟ್ಟುಹಾವು, ಮಂಡಲಗಳದ್ದು, ಆಗುವುದು ಹೊಲಗದ್ದೆ, ಮನೆಯಂಗಳದಲ್ಲಿ. ಕಾಳಿಂಗದ ಕಡಿತ ತೀರಾ ಅಪರೂಪ. ಹಾಗೆಂದು ಸದರವೂ ಸಲ್ಲ: ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧ ತಯಾರಾಗುವುದು ಬೇರೆ ನಾಲ್ಕು ಹಾವುಗಳ ವಿಷದಿಂದ, ಕಾಳಿಂಗದ್ದರಿಂದಲ್ಲ. ಕೂಲಿಯವರ ನಡುವೆ ಗೂಡಿನ ಮೇಲಿನ ಹೆಣ್ಣನ್ನು ಎಬ್ಬಿಸುವುದಕ್ಕಿಂತ ಆ ಜಾಗ ಬಿಟ್ಟು ಕೆಲಸ ಮಾಡುವುದು ಕೂಲಿಯವರಿಗೇ ಕ್ಷೇಮ.

ನಾಗಬನ ಇರುವ ನಾಡಿದು, ಭಕ್ತಿಯೇ ಕಾಯುತ್ತದೆ ಎನ್ನುವವರೂ ಇದ್ದಾರೆ. ಕಾಳಿಂಗಕ್ಕೆ, ನಾಗರಕ್ಕೆ ಆ ಭಯಭಕ್ತಿ ನಿಜಕ್ಕೂ ಕೆಲಸ ಮಾಡಿದೆ. ಮಣ್ಣಿನೊಳಗಿನ ಮೊಂಡುಬಾಲದ ಹಾವಿಗೆ ಯಾರೂ ತನಿ ಎರೆಯುವುದಿಲ್ಲ. ಬೇಲಿ ಹಾಕಿದರಾಯಿತು ಎಂಬ ಸಲಹೆಯೂ ಅಷ್ಟೇ ಅರೆಬರೆ. ಒಂಟಾರಿಯೊದಲ್ಲೇ ಒಂದು ಹೆದ್ದಾರಿಗೆ ಸರೀಸೃಪಗಳಿಗಾಗಿ ಬೇಲಿ, ಕೆಳದಾರಿ ಎರಡನ್ನೂ ಮಾಡಿದರು. ಬೇಲಿಯಲ್ಲಿ ಕಂಡಿ ಬಿದ್ದು ಸಾವು ತಗ್ಗಲೇ ಇಲ್ಲ ಎಂದು 2015ರ ವರದಿ ಹೇಳಿತು. ಕಲ್ಲು ಉರುಳುವ, ಮರ ಬೀಳುವ ನಮ್ಮ ಘಾಟಿಯಲ್ಲಿ ಬೇಲಿ ಒಂದು ಮಳೆಗಾಲ ನಿಂತರೆ ಹೆಚ್ಚು. ಇಲ್ಲಿ ಗಡಿಯಾರವನ್ನು ನೆಚ್ಚುವುದು ಮೇಲು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ, ಆಂಬುಲೆನ್ಸ್‌ಗೆ ಅಡ್ಡಿಯಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ ಕಾಡಿನೊಳಗಿನ ಒಂದು ರಸ್ತೆಯನ್ನು ಹಾವುಗಳು ದಾಟುವ ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಮುಚ್ಚುತ್ತಾರೆ. ಆಗುಂಬೆಯದು ಜಿಲ್ಲೆಗಳನ್ನು ಜೋಡಿಸುವ ಹೆದ್ದಾರಿ, ಅಷ್ಟು ಮುಚ್ಚಲಾಗದು. ಆದರೆ ಮಳೆಗಾಲದಲ್ಲಿ ಭಾರಿ ವಾಹನಗಳನ್ನು ತಡೆಯುವ ಅಭ್ಯಾಸ ಇಲ್ಲಿ ಆಗಲೇ ಇದೆ. ಅದರ ಜತೆಗೆ ಮಳೆ ಶುರುವಾಗುವ ವಾರಗಳಲ್ಲಿ ರಾತ್ರಿ ವೇಗವನ್ನು ಕಟ್ಟುನಿಟ್ಟಾಗಿ ತಗ್ಗಿಸುವುದು ದೊಡ್ಡ ಹೆಜ್ಜೆಯೇನಲ್ಲ.

ಸುರಂಗ ಬಂದರೆ ಈ ತಲೆನೋವೇ ಇರುವುದಿಲ್ಲ ಎಂಬ ಆಸೆಯೂ ಇದೆ. ಕಾಡಿನ ಮೇಲ್ಮೈ ಉಳಿಯುತ್ತದೆ ಎಂಬ ಮಟ್ಟಿಗೆ ಅದು ಸರಿ. ಉಳಿದದ್ದು ಮಣ್ಣಿನ ಪ್ರಶ್ನೆ. ಬೆಟ್ಟದ ಹೊಟ್ಟೆಯಿಂದ ಬಗೆದ ಕಲ್ಲುಮಣ್ಣನ್ನು ಸೀತಾನದಿಯ ಕಡೆಗಿಳಿಯುವ ಹಳ್ಳಗಳಿಗೆ ಸುರಿದರೆ ಸುರಂಗದಿಂದ ಉಳಿಸಿದ್ದನ್ನು ಅಲ್ಲೇ ಹೂತಂತೆ. ಅದು ಯಾವ ಸರ್ವೆ ನಂಬರಿನಲ್ಲಿ, ಎಷ್ಟು ಎತ್ತರಕ್ಕೆ ಬೀಳುತ್ತದೆ ಎಂಬುದು ಯೋಜನಾ ವರದಿಯಲ್ಲೇ ಇರಬೇಕು. ಜತೆಗೆ ಹಳೆಯ 14 ತಿರುವುಗಳ ರಸ್ತೆ ಮುಂದೆ ಯಾರದು ಎಂಬುದೂ ಅಲ್ಲೇ ತೀರ್ಮಾನವಾಗಬೇಕು: ಹೆದ್ದಾರಿಯ ಹೊರೆ ಇಳಿದ ಮೇಲೂ ಅದು ಇರುಳಿಡೀ ತೆರೆದ ಪ್ರವಾಸಿ ರಸ್ತೆಯಾಗಿ ಉಳಿಯುವುದೋ, ಸಂಜೆ ಸೂರ್ಯಾಸ್ತ ನೋಡಿದವರು ಹೊರಟ ಮೇಲೆ ಗೇಟು ಬೀಳುವುದೋ.