ಹಿಮ ತೆಗೆಯಬಹುದು, ಹಾಕುವುದೆಲ್ಲಿ?

ರಸ್ತೆಯಿಂದ ಮನೆ ಬಾಗಿಲಿನವರೆಗೆ 60 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿ. ರಾತ್ರಿ ಅದರ ಮೇಲೆ ಒಂದಡಿ ಹಿಮ ಬಿದ್ದಿದೆ ಎಂದಿಟ್ಟುಕೊಳ್ಳಿ. ಗುಣಿಸಿ ನೋಡಿದರೆ ಹತ್ತಿರ ಹತ್ತಿರ 55 ಘನ ಮೀಟರ್. ಜನವರಿಯ ಒಣ ಹಿಮವಾದರೆ ಘನ ಮೀಟರಿಗೆ ನೂರು ಕಿಲೋ ಲೆಕ್ಕದಲ್ಲಿ ಐದೂವರೆ ಟನ್ ಆಯಿತು. ಮಾರ್ಚ್ ತಿಂಗಳ ಒದ್ದೆ ಹಿಮ ಮುನ್ನೂರು ಕಿಲೋದವರೆಗೂ ತೂಗುತ್ತದೆ. ಆಗ ಹದಿನಾರೂವರೆ ಟನ್. ಬೆಳಿಗ್ಗೆ ಏಳಕ್ಕೆ ಮಕ್ಕಳ ಸ್ಕೂಲ್ ಬಸ್ಸು, ಎಂಟಕ್ಕೆ ಆಫೀಸು. ಸಲಿಕೆ ಹಿಡಿದು ಹೊರಟವನ ಸೊಂಟ ಉಳಿದರೆ ಪುಣ್ಯ, ಎದೆ ಉಳಿದರೆ ಇನ್ನೂ ದೊಡ್ಡ ಪುಣ್ಯ. 1990ರಿಂದ 2006ರವರೆಗಿನ ಆಸ್ಪತ್ರೆ ದಾಖಲೆಗಳನ್ನು ಜಾಲಾಡಿದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಹಿಮ ಬಾಚಲು ಹೋಗಿ ತುರ್ತು ಚಿಕಿತ್ಸೆಗೆ ಬಂದವರು ವರ್ಷಕ್ಕೆ ಸರಾಸರಿ 11,500 ಮಂದಿ.

ಇದು ನ್ಯೂಯಾರ್ಕ್ ರಾಜ್ಯದ ಉತ್ತರದ ಮಾತು. ನ್ಯೂಯಾರ್ಕ್ ಎಂದರೆ ಮುಗಿಲು ಮುಟ್ಟುವ ಕಟ್ಟಡಗಳಷ್ಟೇ ಕಣ್ಣಿಗೆ ಬರುವವರಿಗೆ ಸಿರಾಕ್ಯೂಸ್ ಎಂಬ ಊರಾಗಲಿ, ಅದರಾಚೆಯ ಟಗ್ ಹಿಲ್ ಪ್ರಸ್ಥಭೂಮಿಯಾಗಲಿ ಗೊತ್ತಿರುವುದು ಕಡಿಮೆ. ಸಿರಾಕ್ಯೂಸಿನಲ್ಲಿ ವರ್ಷಕ್ಕೆ ಸರಾಸರಿ ಹತ್ತಡಿ ಹಿಮ ಬೀಳುತ್ತದೆ. 1992-93ರ ಚಳಿಗಾಲದಲ್ಲಿ 192 ಇಂಚು ಬಿದ್ದದ್ದು ಅಲ್ಲಿನ ದಾಖಲೆ. ಯಾರ ಊರಲ್ಲಿ ಹೆಚ್ಚು ಬಿತ್ತು ಎಂದು ಸಿರಾಕ್ಯೂಸ್, ರಾಚೆಸ್ಟರ್, ಬಫಲೋ ಮೊದಲಾದ ಐದು ನಗರಗಳ ನಡುವೆ ‘ಗೋಲ್ಡನ್ ಸ್ನೋಬಾಲ್’ ಎಂಬ ಪಂದ್ಯವೂ ಇದೆ. ಗೆದ್ದವರಿಗೆ ಸಿಗುವುದು ಟ್ರೋಫಿ ಮತ್ತು ಬೆನ್ನುನೋವು. ಟಗ್ ಹಿಲ್‌ನ ಲೆಕ್ಕವೇ ಬೇರೆ: ಅಲ್ಲಿನ ರೆಡ್‌ಫೀಲ್ಡ್ ಎಂಬ ಹಳ್ಳಿಯಲ್ಲಿ 2007ರ ಫೆಬ್ರವರಿಯಲ್ಲಿ ಹತ್ತು ದಿನಗಳ ಆಸುಪಾಸಿನಲ್ಲಿ 141 ಇಂಚು ಸುರಿಯಿತು.

ಕಾರಣ ಒಂಟಾರಿಯೊ ಸರೋವರ. ಕೆನಡಾದಿಂದ ಬೀಸುವ ಕೊರೆಯುವ ಗಾಳಿ ಅದಕ್ಕಿಂತ ಬೆಚ್ಚಗಿರುವ ನೀರಿನ ಮೇಲೆ ಹಾಯುವಾಗ ತೇವ ಹೀರಿಕೊಳ್ಳುತ್ತದೆ, ದಡ ದಾಟಿ ಏರು ನೆಲ ಸಿಕ್ಕ ಕೂಡಲೇ ಕೆಳಗಿಳಿಸುತ್ತದೆ. ಅರಬ್ಬೀ ಸಮುದ್ರದ ಮೋಡ ಘಟ್ಟ ಹತ್ತುವಾಗ ಆಗುಂಬೆಗೆ ಆಗುವುದೇ ಟಗ್ ಹಿಲ್‌ಗೂ ಆಗುತ್ತದೆ. ಪಕ್ಕದ ಈರೀ ಸರೋವರ ಆಳವಿಲ್ಲದ್ದು. ಅದು ಹೆಪ್ಪುಗಟ್ಟಿತೆಂದರೆ ಬಫಲೋದವರಿಗೆ ಸ್ವಲ್ಪ ಬಿಡುವು. ಒಂಟಾರಿಯೊದ ಗರಿಷ್ಠ ಆಳ 244 ಮೀಟರ್. ಅದು ಪೂರ್ತಿ ಹೆಪ್ಪುಗಟ್ಟುವುದು ತೀರಾ ಅಪರೂಪ, ಬಿಡುವು ಕೊಡುವುದೂ ಅಷ್ಟೇ ಅಪರೂಪ.

ಇಂಥ ಸೀಮೆಯಲ್ಲಿ ಊರಾಚೆ ಎರಡು ಮೂರು ಎಕರೆ ಇಟ್ಟುಕೊಂಡವರ ಕೊಟ್ಟಿಗೆಯಲ್ಲಿ ಕಾಣುವುದು 20ರಿಂದ 50 ಎಚ್‌ಪಿಯೊಳಗಿನ ಡೀಸೆಲ್ ಮಿನಿ ಟ್ರ್ಯಾಕ್ಟರ್. ನಾಲ್ಕೂ ಚಕ್ರಕ್ಕೆ ಶಕ್ತಿ. ಕ್ಲಚ್ಚಿನ ಗೋಜಿಲ್ಲದೆ ಪೆಡಲ್ ಒತ್ತಿದಂತೆ ಮುಂದಕ್ಕೂ ಹಿಂದಕ್ಕೂ ಹೋಗುವ ಹೈಡ್ರೋಸ್ಟ್ಯಾಟಿಕ್ ವ್ಯವಸ್ಥೆ. ಹಿಮ ತೆಗೆಯುವಾಗ ನಿಮಿಷಕ್ಕೆ ನಾಲ್ಕಾರು ಸಲ ಹಿಂದೆ ಮುಂದೆ ಆಡಬೇಕಾದ್ದರಿಂದ ಇದೇ ದೊಡ್ಡ ಅನುಕೂಲ. ಜಪಾನಿನ ಕುಬೋಟಾ ಕಂಪನಿ 1969ರಲ್ಲಿ ಅಮೆರಿಕಕ್ಕೆ ಸಣ್ಣ ಟ್ರ್ಯಾಕ್ಟರ್ ತಂದ ಮೇಲೆ ಈ ಮಾರುಕಟ್ಟೆ ಬೆಳೆಯಿತು. ನಮ್ಮ ಮಹೀಂದ್ರಾ 1994ರಿಂದ ಅಲ್ಲಿದೆ. ಅದರ ‘ಓಜಾ’ ಸರಣಿಯ ಸಣ್ಣ ಟ್ರ್ಯಾಕ್ಟರುಗಳು ತಯಾರಾಗುವುದು ತೆಲಂಗಾಣದ ಜಹೀರಾಬಾದಿನಲ್ಲಿ, ಬೀದರಿನಿಂದ ಮೂವತ್ತು ಕಿಲೋಮೀಟರ್ ದೂರದಲ್ಲಿ. ಹಿಮವನ್ನೇ ಕಾಣದ ನೆಲದಿಂದ ಹೊರಟ ಗಾಡಿ ಹಿಮಕ್ಕೆ ಮೂತಿ ತೂರುತ್ತದೆ.

ಗಾಡಿ ಕೊಂಡವರು ಮೊದಲು ನಂಬುವುದು ಮುಂದಿನ ಲೋಡರ್ ಬಕೆಟ್ಟನ್ನು. ಅದು ಜೊತೆಗೇ ಬಂದಿರುತ್ತದಲ್ಲ. ಐದಡಿ ಅಗಲದ ಬಕೆಟ್ಟಿಗೆ ಹಿಡಿಯುವುದು ಘನ ಮೀಟರಿನ ಕಾಲು ಭಾಗಕ್ಕಿಂತ ತುಸು ಹೆಚ್ಚು. ಮೇಲಿನ 55 ಘನ ಮೀಟರಿಗೆ, ಅಮುಕಿ ತುಂಬಿದರೂ, ನೂರಕ್ಕಿಂತ ಹೆಚ್ಚು ಸಲ ತುಂಬಿ ಸುರಿಯಬೇಕು. ಸಾಲದ್ದಕ್ಕೆ ಬಕೆಟ್ಟಿನ ಅಂಚು ಜಲ್ಲಿ ದಾರಿಯನ್ನೂ ಕೆರೆದುಕೊಂಡು ಹೋಗುತ್ತದೆ. ಇದಕ್ಕೆ ಅಲ್ಲಿಯವರು ಕಂಡುಕೊಂಡ ಉಪಾಯ ಸರಳ: ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಬಕೆಟ್ಟಿನ ಅಂಚಿಗೆ ತೊಡಿಸುವುದು. ದುಂಡಗಿನ ಅಂಚು ಜಲ್ಲಿಯ ಮೇಲೆ ಜಾರುತ್ತದೆ.

ಬ್ಲೇಡ್ ಇದಕ್ಕಿಂತ ಬುದ್ಧಿವಂತ ಸಾಧನ. ಓರೆಯಾಗಿ ತಿರುಗಿಸಿಟ್ಟರೆ ಹಿಮವನ್ನು ಒಂದು ಪಕ್ಕಕ್ಕೆ ಸುರುಳಿಯಾಗಿ ಸರಿಸುತ್ತ ಹೋಗುತ್ತದೆ. ಹೈಡ್ರಾಲಿಕ್ ಲಿವರನ್ನು ‘ಫ್ಲೋಟ್’ಗೆ ಹಾಕಿದರೆ ಬ್ಲೇಡ್ ತನ್ನ ತೂಕದಲ್ಲೇ ನೆಲದ ಏರುತಗ್ಗು ಅನುಸರಿಸುತ್ತದೆ. ಆರೇಳು ಇಂಚಿನ ಹಿಮಕ್ಕೆ ಇದರಷ್ಟು ಬೇಗ ಕೆಲಸ ಮುಗಿಸುವುದು ಇನ್ನೊಂದಿಲ್ಲ. ಎರಡು ಬದಿಗೂ ರೆಕ್ಕೆಯಿರುವ ಪುಷರ್ ಎಂಬ ಪೆಟ್ಟಿಗೆ ಬಯಲು ಅಂಗಳಕ್ಕೆ ಒಳ್ಳೆಯದು.

ಆದರೆ ಬ್ಲೇಡ್ ಹಿಮವನ್ನು ಸರಿಸುತ್ತದಷ್ಟೆ. ಡಿಸೆಂಬರಿನಲ್ಲಿ ದಾರಿಯ ಅಂಚಿಗೆ ಸರಿಸಿದ್ದು ಅಲ್ಲೇ ಗಟ್ಟಿಯಾಗಿ, ಜನವರಿಯ ಹೊತ್ತಿಗೆ ಮಂಜುಗಡ್ಡೆಯ ಗೋಡೆ. ಮುಂದಿನ ಸಲದ ಹಿಮ ಅದಕ್ಕೆ ತಾಗಿ ನಿಲ್ಲುತ್ತದೆ, ದಾರಿ ಅರ್ಧ ಅಡಿ ಕಿರಿದಾಗುತ್ತದೆ. ಫೆಬ್ರವರಿಗೆ ಕಾರಿನ ಬಾಗಿಲು ತೆರೆಯಲೂ ಜಾಗವಿರುವುದಿಲ್ಲ. ಅನುಭವಸ್ಥರು ಮೊದಲ ಹಿಮಕ್ಕೇ, ಅದು ನಾಲ್ಕೇ ಇಂಚು ಬಿದ್ದಿದ್ದರೂ, ದಾರಿಯಂಚಿನಿಂದ ಎಂಟು ಹತ್ತಡಿ ಆಚೆ ದಬ್ಬಿ ಬರುವುದು ಇದಕ್ಕೇ. ನೆಲ ಹೆಪ್ಪುಗಟ್ಟುವ ಮೊದಲೇ, ನವೆಂಬರಿನಲ್ಲಿ, ದಾರಿಯ ಎರಡೂ ಕಡೆ ಕಿತ್ತಳೆ ಬಣ್ಣದ ಫೈಬರ್ ಕಡ್ಡಿ ನೆಟ್ಟಿರುತ್ತಾರೆ. ತಡಮಾಡಿದರೆ ಕಡ್ಡಿ ನೆಲಕ್ಕಿಳಿಯುವುದಿಲ್ಲ. ಕಡ್ಡಿಯಿಲ್ಲದಿದ್ದರೆ ಹಿಮದಡಿಯ ಚರಂಡಿ ಯಾವುದು, ಹೂವಿನ ಪಾತಿ ಯಾವುದು ಗೊತ್ತಾಗುವುದಿಲ್ಲ.

ಹಾಕಲು ಜಾಗವೇ ಇಲ್ಲದವರಿಗೆ ಬೇಕಾದದ್ದು ಬ್ಲೋವರ್. ಎಂಜಿನ್ನಿನ ಶಕ್ತಿಯನ್ನು ಹೊರಗಿನ ಸಾಧನಕ್ಕೆ ಕೊಡುವ ಟ್ರ್ಯಾಕ್ಟರಿನ ಪಿಟಿಒ ಶಾಫ್ಟಿಗೆ ಜೋಡಿಸುವ ಇದರ ಬಾಯಲ್ಲಿ ತಿರುಪಿನಾಕಾರದ ಆಗರ್ ಹಿಮವನ್ನು ಕೊರೆದು ನಡುವಿಗೆ ತಳ್ಳುತ್ತದೆ. ಹಿಂದಿರುವ ಫ್ಯಾನ್ ಅದನ್ನು ಕೊಳವೆಯಿಂದ ಮೂವತ್ತು ನಲವತ್ತಡಿ ದೂರಕ್ಕೆ ಎಸೆಯುತ್ತದೆ. ಗೋಡೆ ಕಟ್ಟುವ ಮಾತೇ ಇಲ್ಲ, ಬಿದ್ದದ್ದು ಹೊಲದ ತುಂಬ ಹರಡಿಕೊಳ್ಳುತ್ತದೆ. ಇದರ ಮೂಲ ರೈಲು ಹಳಿಯ ಮೇಲಿದೆ: ತಿರುಗುವ ಹಿಮನೇಗಿಲಿನ ಕಲ್ಪನೆಗೆ 1869ರಲ್ಲಿ ಪೇಟೆಂಟ್ ಪಡೆದವರು ಟೊರಾಂಟೊದ ಜೆ.ಡಬ್ಲ್ಯು. ಎಲಿಯಟ್ ಎಂಬ ಹಲ್ಲಿನ ಡಾಕ್ಟರು. ರಸ್ತೆಗೆ ಅದನ್ನು ತಂದವರು ಕ್ವಿಬೆಕ್‌ನ ಆರ್ಥರ್ ಸಿಕಾರ್. ಗೋಧಿ ಒಕ್ಕುವ ಯಂತ್ರ ನೋಡಿ ಅವರಿಗೆ ಇದು ಹೊಳೆಯಿತೆಂದು ಹೇಳುತ್ತಾರೆ. 1925ರಲ್ಲಿ ಮಾಡಿದ ಯಂತ್ರ 1927ರಲ್ಲಿ ಊಟ್ರಮೋಂಟ್ ಪಟ್ಟಣಕ್ಕೆ ಮಾರಾಟವಾಯಿತು.

ಬ್ಲೋವರ್ ಕೊಳ್ಳುವವರು ಮೊದಲ ದಿನವೇ ಒಂದು ಡಬ್ಬಿ ಶಿಯರ್ ಬೋಲ್ಟ್ ತೆಗೆದಿಡಬೇಕು. ರಾತ್ರಿ ಯಾರೋ ಎಸೆದು ಹೋದ ಪ್ಲಾಸ್ಟಿಕ್ ಚೀಲದ ದಿನಪತ್ರಿಕೆ ಹಿಮದಡಿ ಮರದ ತುಂಡಿನಷ್ಟು ಗಟ್ಟಿಯಾಗಿರುತ್ತದೆ. ಆಗರ್ ಅದನ್ನು ನುಂಗಿ ‘ಟಕ್’ ಎಂದಿತೋ, ಒಂದು ಮಗ್ಗುಲ ತಿರುಪು ನಿಂತಿತು. ಮುರಿದದ್ದು ಆ ಮೆದು ಬೋಲ್ಟ್. ತಾನು ತುಂಡಾಗಿ ಗೇರ್‌ಬಾಕ್ಸ್ ಉಳಿಸುವುದಕ್ಕೇ ಅದನ್ನು ಹಾಗೆ ಮಾಡಿರುತ್ತಾರೆ. ಎಂಜಿನ್ ಆರಿಸಿ, ಗ್ಲೌಸ್ ಕಳಚಿ, ಮರಗಟ್ಟಿದ ಬೆರಳಲ್ಲಿ ತುಂಡು ಬೋಲ್ಟನ್ನು ಸುತ್ತಿಗೆಯಿಂದ ತಟ್ಟಿ ತೆಗೆದು ಹೊಸದನ್ನು ಕೂರಿಸಬೇಕು. ಕೈಗೆ ಸಿಕ್ಕಿತೆಂದು ಬೇರೆ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಮುರಿಯುವುದು ಗೇರ್‌ಬಾಕ್ಸೇ.

ಹಿಂದೆ ಜೋಡಿಸುವ ಬ್ಲೋವರ್ ಅಗ್ಗ, ಗಟ್ಟಿಮುಟ್ಟು. ಆದರೆ ಗಾಡಿಯನ್ನು ಉದ್ದಕ್ಕೂ ರಿವರ್ಸಿನಲ್ಲಿ ಓಡಿಸಬೇಕು. ಒಂದು ಗಂಟೆ ಕತ್ತು ಹಿಂದಕ್ಕೆ ತಿರುಗಿಸಿ ಕೂತವರು ಮಾರನೆಯ ದಿನ ನೇರ ನೋಡಲಾರರು. ಮುಂದಿನದ್ದು ದುಬಾರಿ, ಜೋಡಿಸುವ ರಗಳೆಯೂ ಹೆಚ್ಚು. ಐವತ್ತು ದಾಟಿದವರಿಗೆ ನನ್ನ ಮತ ಮುಂದಿನದ್ದಕ್ಕೇ. ಒದ್ದೆ ಹಿಮದಲ್ಲಿ ಮಾತ್ರ ಎರಡರ ಕೊಳವೆಯೂ ಕಟ್ಟಿಕೊಳ್ಳುತ್ತದೆ. ಅಂಥ ದಿನ ಬ್ಲೇಡೇ ಗತಿ.

ಮನೆಯವರ ಸಿಟ್ಟು ನೆತ್ತಿಗೇರುವುದು ದಾರಿಯ ಬಾಯಲ್ಲಿ. ಎಲ್ಲ ತೆಗೆದು ಒಳಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಟೌನಿನ ದೊಡ್ಡ ಲಾರಿ ರಸ್ತೆಯ ಹಿಮವನ್ನೆಲ್ಲ ತಂದು ಅಲ್ಲಿಗೇ ಒಡ್ಡು ಹಾಕಿ ಹೋಗಿರುತ್ತದೆ. ಉಪ್ಪು ಬೆರೆತ, ಮುದ್ದೆ ಮುದ್ದೆಯಾದ, ಸೊಂಟದೆತ್ತರದ ರಾಶಿ. ಎದುರು ಬದಿಗೆ ದಬ್ಬೋಣವೆಂದರೆ ರಸ್ತೆಗೆ ಹಿಮ ಹಾಕುವುದು ನ್ಯೂಯಾರ್ಕಿನಲ್ಲಿ ಕಾನೂನು ಪ್ರಕಾರ ತಪ್ಪು. ಒಂದು ಉಪಾಯ ಮಾತ್ರ ಉಂಟು. ಅಲ್ಲಿ ವಾಹನಗಳು ಬಲಗಡೆ ಓಡುವುದರಿಂದ, ರಸ್ತೆಗೆ ಮುಖ ಮಾಡಿ ನಿಂತವನಿಗೆ ಲಾರಿ ಎಡದಿಂದ ಬರುತ್ತದೆ. ತೆಗೆದ ಹಿಮವನ್ನೆಲ್ಲ ಬಲಕ್ಕೆ ಹಾಕಿ, ಎಡಗಡೆ ರಸ್ತೆಯಂಚಿನಲ್ಲಿ ಹತ್ತಿಪ್ಪತ್ತಡಿ ಖಾಲಿ ಮಾಡಿಟ್ಟರೆ ಲಾರಿ ತನ್ನ ಹೊರೆಯನ್ನು ಅಲ್ಲೇ ಇಳಿಸಿ, ಹಗುರಾಗಿ ನಿಮ್ಮ ಬಾಗಿಲು ದಾಟುತ್ತದೆ. ಇಷ್ಟು ಮಾಡಿದರೆ ಅರ್ಧ ಕೆಲಸ ತಪ್ಪಿತು.

ಎಚ್‌ಪಿ ಎಷ್ಟಿದ್ದರೂ ನೆಲದ ಮೇಲೆ ಹಿಡಿತವಿಲ್ಲದಿದ್ದರೆ ವ್ಯರ್ಥ. ನಮ್ಮಲ್ಲಿ ಭಾರ ಎಳೆಯುವವರು ಹಿಂಚಕ್ರಕ್ಕೆ ನೀರು ತುಂಬಿಸುವುದುಂಟು. ಅಲ್ಲಿ ನೀರು ಗಡ್ಡೆಯಾಗುವುದರಿಂದ ಕಾರಿನ ಗಾಜು ತೊಳೆಯುವ ದ್ರಾವಣವನ್ನೋ, ಸಕ್ಕರೆ ಬೀಟ್‌ನ ರಸವನ್ನೋ ತುಂಬಿಸುತ್ತಾರೆ. ಮೇಲೆ ಸರಪಳಿ. ಇಳಿಜಾರಿನಲ್ಲಿ ನಾಲ್ಕು ಚಕ್ರದ ಲಿವರ್ ತೆಗೆಯಲೇಬಾರದು: ಇಂಥ ಗಾಡಿಗಳ ಬ್ರೇಕ್ ಸಾಮಾನ್ಯವಾಗಿ ಹಿಂಚಕ್ರಕ್ಕೆ ಮಾತ್ರ, ಮುಂದೆ ಬಕೆಟ್ ತುಂಬಿದಾಗ ಹಿಂಭಾಗ ಹಗುರಾಗಿ ಬ್ರೇಕ್ ಒತ್ತಿದರೂ ಗಾಡಿ ಜಾರುತ್ತಲೇ ಹೋಗುತ್ತದೆ. ಮೈನಸ್ ಹದಿನೈದು, ಇಪ್ಪತ್ತರ ಬೆಳಗಿನಲ್ಲಿ ಬೇಸಿಗೆಯ ಡೀಸೆಲ್ ಮೇಣಗಟ್ಟಿ ಫಿಲ್ಟರಿನಲ್ಲೇ ನಿಲ್ಲುತ್ತದೆ. ಚಳಿಗಾಲದ ಡೀಸೆಲ್ ಬೇಕು, ರಾತ್ರಿಯಿಡೀ ಎಂಜಿನ್ ಬೆಚ್ಚಗಿಡುವ ವಿದ್ಯುತ್ ಹೀಟರ್ ಬೇಕು.

ಪಿಟಿಒ ಶಾಫ್ಟ್ ನಿಮಿಷಕ್ಕೆ 540, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ರೋಟವೇಟರ್ ಓಡಿಸುವ ನಮ್ಮ ರೈತರಿಗೆ ಇದರ ಭಯ ಗೊತ್ತು. ಮಫ್ಲರಿನ ತುದಿ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಕಟ್ಟಿಕೊಂಡ ಕೊಳವೆಗೆ ಕೈ ಹಾಕಿ ಬೆರಳು ಕಳೆದುಕೊಳ್ಳುವವರು ಪ್ರತಿ ಚಳಿಗಾಲ ಇದ್ದಾರೆ. ಎಂಜಿನ್ ಆರಿಸಿದ ಮೇಲೂ ಸಿಕ್ಕಿಬಿದ್ದ ತಿರುಪಿನಲ್ಲಿ ಬಿಗಿ ಉಳಿದಿರುತ್ತದೆ, ಬಿಡಿಸಿದ ಕ್ಷಣ ಹೊಡೆಯುತ್ತದೆ. ಅದಕ್ಕೆ ಕೋಲು ಬೇಕು, ಕೈಯಲ್ಲ.

ಬರೀ ಹಿಮಕ್ಕಾಗಿ ಇಷ್ಟು ದೊಡ್ಡ ಖರ್ಚು ಬೇಕೆ? ಎರಡು ಕಾರು ನಿಲ್ಲುವಷ್ಟೇ ದಾರಿಯಿದ್ದರೆ ಬೇಡವೇ ಬೇಡ, ಕೈಯಲ್ಲಿ ನಡೆಸುವ ಸಣ್ಣ ಬ್ಲೋವರ್ ಧಾರಾಳ ಸಾಕು. ಉದ್ದ ದಾರಿ, ಹುಲ್ಲುಗಾವಲು, ಸೌದೆ, ತೋಟ ಎಲ್ಲ ಇದ್ದವರಿಗೆ ಅದೇ ಗಾಡಿ ವರ್ಷವಿಡೀ ದುಡಿಯುತ್ತದೆ. ಏಪ್ರಿಲಿನಲ್ಲಿ ಹಿಮ ಕರಗಿದಾಗ ಹುಲ್ಲಿನ ಮೇಲೆ ದಾರಿಯ ಜಲ್ಲಿಯೆಲ್ಲ ಹರಡಿಕೊಂಡಿರುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಜೋಡಿಸುವ ಮೊದಲು ಅದನ್ನು ಬ್ಲೇಡಿನಿಂದ ಮತ್ತೆ ದಾರಿಗೆ ಎಳೆದು ಹಾಕಬೇಕು. ಇಲ್ಲದಿದ್ದರೆ ಮೊದಲ ದಿನವೇ ಕಿಟಕಿ ಗಾಜಿನ ಖರ್ಚು.