ಕಾರಿನ ಮೇಲೊಂದು ಕಾರು: ಲಿಫ್ಟು ಕೊಳ್ಳುವ ಮುನ್ನ ಸಂಪು ನೋಡಿ!

ಸಂಜೆ ಏಳಾದರೆ ಸಾಕು, ಜ್ಞಾನಭಾರತಿ ಬಡಾವಣೆಯ ಅಡ್ಡರಸ್ತೆಗಳಲ್ಲಿ ಕಾರುಗಳ ಜಾತ್ರೆ. ಗೇಟಿನ ಒಳಗೊಂದು, ಹೊರಗೊಂದು. ಹೊರಗಿನದು ಎಷ್ಟೋ ಸಲ ಪಕ್ಕದ ಅಂಗಡಿಯ ಷಟರಿಗೆ ಮೂತಿ ಇಟ್ಟು ನಿಂತಿರುತ್ತೆ. "ಸ್ವಾಮಿ, ಒಸಿ ಮುಂದಕ್ಕೆ ತಗೀರಿ, ಗಿರಾಕಿ ಒಳಗೆ ಬರೋದು ಹ್ಯಾಗೆ?" ಎಂದು ಅಂಗಡಿಯವರು ಕೇಳಿದರೆ, "ರೋಡೇನು ನಿಮ್ದಾ?" ಎಂಬ ಮಂಗಳಾರತಿ. ಅತ್ತ ತಿರುವಿನಲ್ಲಿ ಬಸ್ಸು ಹಿಂದಕ್ಕೂ ಹೋಗದೆ ಮುಂದಕ್ಕೂ ಬರದೆ ಹಾರನ್ ಹೊಡೆಯುತ್ತಿರುತ್ತೆ. ಒಳಗಿದ್ದವರು ಗಡಿಯಾರ ನೋಡಿಕೊಳ್ಳುತ್ತಾರೆ.

೨೦೨೧ರ ಆಗಸ್ಟಿನಿಂದ ಮೈಸೂರು ರಸ್ತೆಯಲ್ಲಿ ಜ್ಞಾನಭಾರತಿ ಮೆಟ್ರೋ ನಿಲ್ದಾಣವಿದೆ. ಆದರೂ ಮನೆಗೆ ಎರಡನೇ ಕಾರು ಬರೋದೇನೂ ನಿಂತಿಲ್ಲ. ನಗರದ ವಾಹನಗಳ ಲೆಕ್ಕ ಒಂದು ಕೋಟಿ ದಾಟಿದೆ. ಸೈಟು ಮಾತ್ರ ಅದೇ ೩೦-೪೦. ಜಪಾನಿನಲ್ಲಿ ೧೯೬೨ರಿಂದಲೇ ಕಾರು ಇಡೋದಕ್ಕೆ ಜಾಗ ತೋರಿಸಬೇಕೆಂಬ ಕಾಯಿದೆ ಇದೆ. ನಮ್ಮಲ್ಲಿ ೨೦೨೧ರ ಪಾರ್ಕಿಂಗ್ ನೀತಿಯಲ್ಲಿ ಮನೆ ಮುಂದಿನ ರಸ್ತೆಗೂ ಪರ್ಮಿಟ್ಟು, ಶುಲ್ಕ ಎಂಬ ಮಾತು ಬಂತು. ಹೀಗಾಗಿ ಅನುಕೂಲಸ್ಥರ ಕಣ್ಣು ಈಗ ಕಾರ್ ಲಿಫ್ಟಿನ ಮೇಲೆ. ಒಂದು ಕಾರನ್ನು ಮೇಲಕ್ಕೆತ್ತಿ ಅದರಡಿ ಇನ್ನೊಂದನ್ನು ನಿಲ್ಲಿಸೋದು. ರಸ್ತೆಯಿಂದ ಒಂದು ಕಾರು ಕಡಿಮೆಯಾದರೆ ಅಂಗಡಿಯವರಿಗೂ ಬಸ್ಸಿನವರಿಗೂ ಲಾಭವೇ. ಆದರೆ ಇದು ಲಕ್ಷಗಳ ಬಾಬತ್ತು, ಮೇಲೆ ತೂಗುವುದು ಟನ್ನುಗಟ್ಟಲೆ ಉಕ್ಕು. ಫ್ರಿಜ್ಜು ಕೊಂಡ ಹಾಗಲ್ಲ.

ನೆಲದಡಿ ನೀರಿದೆ, ಜೋಕೆ

ಬೆಂಗಳೂರಿನ ಮನೆಗಳಲ್ಲಿ ನೀರಿನ ಸಂಪು ಎಲ್ಲಿರುತ್ತೆ? ಬಹುತೇಕ ಪೋರ್ಟಿಕೋದಲ್ಲೇ, ಕಾರಿನ ಹೊಟ್ಟೆಯಡಿ. ಕಾವೇರಿ ನೀರು ಬಂದಾಗ ತುಂಬಿಸಿಕೊಳ್ಳಲು ಅದೇ ಹತ್ತಿರದ ಜಾಗ. ಮಳೆನೀರಿನ ಗುಂಡಿಯೂ, ಕೆಲವೆಡೆ ಕೊಳವೆಬಾವಿಯೂ ಅಲ್ಲೇ ಆಸುಪಾಸು. ಸಂಪಿನ ಮುಚ್ಚಳದ ಮೋಲ್ಡು ನಾಲ್ಕು ಚಕ್ರ ಹಂಚಿಕೊಂಡ ಭಾರವನ್ನು ಹೇಗೋ ತಡೆದೀತು. ಲಿಫ್ಟಿನ ಕಂಬ ಹಾಗಲ್ಲ. ಕಾರಿನ ಭಾರ, ತಟ್ಟೆಯ ಭಾರ ಎಲ್ಲ ಸೇರಿ ಒಂದೆರಡು ಗೇಣಗಲದ ಬುಡದ ಮೇಲೆ ಕೂರುತ್ತೆ. ಸಾಲದ್ದಕ್ಕೆ ಬೋಲ್ಟು ಬಿಗಿಯಲು ಡ್ರಿಲ್ಲಿನಿಂದ ತೂತು ಬೇರೆ. ಸಂಪಿನ ಮೇಲೆ ಆ ತೂತು ಬಿದ್ದರೆ ಮನೆಯವರು ಕುಡಿಯುವ ನೀರಿಗೂ ಆಪತ್ತು, ಕಾರಿಗೂ ಆಪತ್ತು.

ಟೈಲ್ಸಿನಡಿ ಎರಡು-ಮೂರು ಅಂಗುಲದ ಬೆಡ್ ಹಾಕಿರುವ ನೆಲವೂ ಇದಕ್ಕೆ ಆಗದು. ಎಷ್ಟು ದಪ್ಪದ, ಯಾವ ದರ್ಜೆಯ ಕಾಂಕ್ರೀಟು ಬೇಕೆಂಬುದನ್ನು ತಯಾರಕರಿಂದ ಬರಹದಲ್ಲಿ ಪಡೆದು, ಮನೆ ಕಟ್ಟಿದ ಇಂಜಿನಿಯರಿಗೆ ತೋರಿಸಬೇಕು. ಮೇಸ್ತ್ರಿ ಕಾಲಿನಿಂದ ಗುದ್ದಿ "ಗಟ್ಟಿ ಇದೆ ಸಾರ್" ಅಂದರೆ ಅದು ಲೆಕ್ಕಕ್ಕಿಲ್ಲ.

ಆಮೇಲೆ ತಲೆಯ ಮೇಲಿನ ಲೆಕ್ಕ. ಸ್ವಿಫ್ಟ್ ಕಾರಿನ ಎತ್ತರ ಸುಮಾರು ಐದಡಿ, ಇನ್ನೋವಾದ್ದು ಆರಡಿಗೆ ಕೂದಲೆಳೆ ಕಡಿಮೆ. ತಟ್ಟೆಯ ದಪ್ಪ, ನಡುವಿನ ಸಂದು ಸೇರಿದರೆ ಹನ್ನೊಂದೂವರೆಯಿಂದ ಹನ್ನೆರಡಡಿ. ಸಾಮಾನ್ಯ ಮನೆಯ ಸೂರು ಹತ್ತಡಿ! ಎಷ್ಟೋ ಕಡೆ ಅಷ್ಟೂ ಇಲ್ಲ. ಎರಡೂ ಚಿಕ್ಕ ಕಾರಾದರೂ ಹತ್ತೂವರೆ ಬೇಕು. ಸೂರು ತಗ್ಗಿದ್ದ ಕಡೆ ತಟ್ಟೆ ಓರೆಯಾಗುವ ಮಾದರಿ ಇದೆ. ಮೇಲೆ ಹೋಗುವ ಕಾರು ಕುಳ್ಳಗಿದ್ದರೆ ಅದು ನಡೆದೀತು.

ಮೇಲಕ್ಕೆ ಆಗದಿದ್ದರೆ ಕೆಳಕ್ಕೆ ಅಗೆಯೋಣ ಎಂದು ಗುಂಡಿ ಲಿಫ್ಟಿಗೆ ಮನಸ್ಸು ಮಾಡುವವರಿದ್ದಾರೆ. ಅದರಲ್ಲಿ ಒಂದು ಸುಖವುಂಟು, ಎರಡು ಕಾರಿಗೂ ಸ್ವತಂತ್ರ ದಾರಿ. ಉಳಿದದ್ದರಲ್ಲಿ ಮೇಲಿನದು ಇಳಿಯಬೇಕಾದರೆ ಕೆಳಗಿನದನ್ನು ಮೊದಲು ತೆಗೀಬೇಕು. ಬೆಳಿಗ್ಗೆ ಆರಕ್ಕೆ ಹೊರಡುವ ಮಗ, ಎಂಟರ ತನಕ ಮಲಗುವ ಅಪ್ಪ! ಯಾರದು ಮೇಲೆ ಎಂಬುದನ್ನು ಮನೆಯಲ್ಲೇ ಮೊದಲು ತೀರ್ಮಾನಿಸಿಕೊಳ್ಳಿ. ಆದರೆ ವೃಷಭಾವತಿ ಕಣಿವೆಯತ್ತ ಇಳಿಜಾರಾಗಿರುವ ತಗ್ಗುಬೀದಿಗಳಲ್ಲಿ ಗುಂಡಿ ತೋಡಿದರೆ ಮಳೆಗಾಲದಲ್ಲಿ ಅದು ಕಾರಿನ ಮನೆಯಲ್ಲ, ಕಲ್ಯಾಣಿ. ನೀರೆತ್ತುವ ಪಂಪು ಇಲ್ಲದೆ ಆ ಮಾತೇ ಬೇಡ.

ಇನ್ನು ಮಾದರಿ. ಮೆಕ್ಯಾನಿಕ್ಕುಗಳ ಶೆಡ್ಡಿನಲ್ಲಿ ಎರಡು ಕಂಬದ ನಡುವೆ ತೋಳು ಚಾಚಿ ಕಾರನ್ನು ಹೊಟ್ಟೆಯಡಿ ಹಿಡಿದೆತ್ತುವ ಲಿಫ್ಟಿದೆಯಲ್ಲ, ಅದು ರಿಪೇರಿಗೆ. ಚಕ್ರಗಳು ಗಾಳಿಯಲ್ಲಿ ತೂಗುತ್ತವೆ, ಪ್ರತಿ ಸಲ ತೋಳನ್ನು ಸರಿಯಾದ ಜಾಗಕ್ಕೆ ಕೊಡಬೇಕು. ದಿನಾ ರಾತ್ರಿ ಕಾರು ಮಲಗಿಸಲು ಅದಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯದನ್ನು ತಂದು ನಿಲ್ಲಿಸಿಕೊಳ್ಳಬಾರದು. ಮನೆಗೆ ಬೇಕಾದ್ದು ಚಕ್ರ ಊರಿ ನಿಲ್ಲುವ ತಟ್ಟೆ ಇರುವಂಥದ್ದು. ನಾಲ್ಕು ಕಂಬದ್ದಾದರೆ ಭಾರ ನಾಲ್ಕು ಕಡೆ ಹಂಚುತ್ತೆ, ಜಾಗ ಮಾತ್ರ ತುಸು ಹೆಚ್ಚು ತಿನ್ನುತ್ತೆ. ತೂಕಕ್ಕೆ ಆರ್.ಸಿ. ನೋಡಿ. ಬ್ಯಾಟರಿ ಕಾರು ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಭಾರ. ಇಂದಿನ ಕಾರಿಗೆ ಲೆಕ್ಕ ಹಾಕಿ ಕೊಂಡರೆ ನಾಳಿನ ಕಾರಿಗೆ ಲಿಫ್ಟು ಸಾಲದು.

ಕರೆಂಟು ಹೋದರೆ?

ಈ ಪ್ರಶ್ನೆಗೆ ಮಾರುವವರು "ವಾಲ್ವು ತಿರುಗಿಸಿದರೆ ತಾನೇ ಇಳಿಯುತ್ತೆ" ಎಂದುಬಿಡುತ್ತಾರೆ. ಪೂರ್ತಿ ನಿಜವಲ್ಲ. ಮೇಲೆ ನಿಂತ ಕಾರಿನ ಭಾರ ಹೊರಬೇಕಾದ್ದು ಎಣ್ಣೆಯ ಒತ್ತಡವಲ್ಲ, ಕಂಬದೊಳಗಿನ ಉಕ್ಕಿನ ಲಾಕು. ಪೈಪು ಒಡೆದರೂ ಕಾರು ಬೀಳದಿರಲೆಂದೇ ಈ ಏರ್ಪಾಡು. ಅನೇಕ ಲಿಫ್ಟುಗಳಲ್ಲಿ ಲಾಕಿನಿಂದ ಬಿಡಿಸಬೇಕಾದರೆ ತಟ್ಟೆಯನ್ನು ಮೊದಲು ಒಂದಿಷ್ಟು ಮೇಲೆತ್ತಬೇಕು. ಎತ್ತಲು ಮೋಟಾರು, ಮೋಟಾರಿಗೆ ಕರೆಂಟು! ಟಿ.ವಿ., ಫ್ಯಾನು ಎಳೆಯುವ ಮನೆಯ ಯು.ಪಿ.ಎಸ್. ಮೂರು ಕುದುರೆ ಬಲದ ಮೋಟಾರನ್ನು ಏಳಿಸದು. ಕೈಪಂಪು ಇದೆಯೇ ಎಂದು ಕೇಳಬೇಕು. ಮೋಟಾರು ಸಿಂಗಲ್ ಫೇಸೋ ಮೂರು ಫೇಸೋ, ಬೆಸ್ಕಾಂನಲ್ಲಿ ಮಂಜೂರಾದ ಲೋಡು ಸಾಕೋ, ಅದನ್ನೂ ಆಗಲೇ ನೋಡಿಕೊಳ್ಳೋದು.

ಮಕ್ಕಳಿರುವ ಮನೆಯಲ್ಲಿ ಬೀಗದ ಕೀಲಿ ಇಲ್ಲದ ಸ್ವಿಚ್ಚು ಬೇಡವೇ ಬೇಡ. ಮೇಲಿನ ಕಾರಿನ ಎಣ್ಣೆ ಕೆಳಗಿನದರ ಮೇಲೆ ತೊಟ್ಟಿಕ್ಕದಂತೆ ತಗಡಿನ ಟ್ರೇ ಬೇಕು. ಸೂರಿಲ್ಲದ ಕಡೆ ನಿಲ್ಲಿಸಿದರೆ ತಂತಿಹಗ್ಗಕ್ಕೆ ತುಕ್ಕು ಖಾತ್ರಿ, ಎಳೆ ಬಿಟ್ಟಿದೆಯೇ ಎಂದು ಆಗಾಗ ನೋಡುತ್ತಿರಬೇಕು.

ಷೋರೂಮಿನಲ್ಲಿ ಹೊಳೆಯುವ ಲಿಫ್ಟು ಎಲ್ಲರೂ ತೋರಿಸುತ್ತಾರೆ. ಎರಡು ಮಳೆಗಾಲ ಕಂಡ ಲಿಫ್ಟು ಯಾರ ಮನೆಯಲ್ಲಿದೆ ಎಂದು ಕೇಳಿ, ಮನೆಯವರ ಅಪ್ಪಣೆ ಪಡೆದು ಅಲ್ಲಿಗೇ ಹೋಗಿ. ಕಾರು ಮೇಲಿರುವಾಗ ಮೈನ್ ಸ್ವಿಚ್ಚು ಆರಿಸಿ, "ಈಗ ಇಳಿಸಿ ನೋಡೋಣ" ಅನ್ನಿ. ಮುಂಗಡದ ಮಾತು ಕಾರಿನ ನಾಲ್ಕೂ ಚಕ್ರ ನೆಲ ಮುಟ್ಟಿದ ಮೇಲೆ.